ಅಪಲೇಚಿಯನ್ ಕಾಲುದಾರಿ: ನಡೆದವರ ಕಾರಣಗಳು

ಅಮೆರಿಕದ ಪೂರ್ವಭಾಗದ ಪರ್ವತಶ್ರೇಣಿಯುದ್ದಕ್ಕೂ ಕಾಲುದಾರಿಯೊಂದಿರಬೇಕೆಂದು ಬೆಂಟನ್ ಮೆಕೈ 1921ರಲ್ಲಿ ಸೂಚಿಸಿದರು. ನಗರಗಳಲ್ಲಿ ಬಳಲಿದ ದುಡಿಮೆಗಾರರಿಗೆ ವಿಶ್ರಾಂತಿ ದೊರೆಯಬೇಕೆಂಬುದು ಅವರ ಆಶಯ. ದಾರಿಯು 1937ರಲ್ಲಿ ಪೂರ್ಣಗೊಂಡಿತು. ಆದರೆ ಅದನ್ನು ಆದ್ಯಂತವಾಗಿ ನಡೆದವರ ಕಾರಣಗಳು ಬೇರೆಯೇ ಆಗಿದ್ದವು.

1948ರಲ್ಲಿ ಅರ್ಲ್ ಶೇಫರ್ ಸುಮಾರು 2,000 ಮೈಲಿಗಳನ್ನು ಒಂದೇ ಯಾತ್ರೆಯಲ್ಲಿ ಕ್ರಮಿಸಿದರು. ಯುದ್ಧದಲ್ಲಿ ಆಪ್ತಮಿತ್ರನನ್ನು ಕಳೆದುಕೊಂಡಿದ್ದ ಅವರು, ಸೈನ್ಯದ ನೆನಪನ್ನು ನಡೆದೇ ನೀಗಲು ಹೊರಟುದಾಗಿ ಮುಚ್ಚುಮರೆಯಿಲ್ಲದೆ ಹೇಳಿದರು. 1955ರಲ್ಲಿ ಏಕಾಕಿಯಾಗಿ ನಡೆದ ಎಮ್ಮಾ ಗೇಟ್‌ವುಡ್ 67 ವರ್ಷದ, ಹನ್ನೊಂದು ಮಕ್ಕಳ ತಾಯಿ. ಗಂಡನ ಕ್ರೌರ್ಯವನ್ನು ದೀರ್ಘಕಾಲ ಸಹಿಸಿ ವಿಚ್ಛೇದನ ಪಡೆದಿದ್ದ ಆಕೆ, ಪತ್ರಿಕೆಯವರಿಗೆ ತಾನು ವಿಧವೆಯೆಂದೇ ತಿಳಿಸಿದರು, ನಡಿಗೆಯನ್ನು ವಿನೋದವೆಂದರು.

ಆದುದರಿಂದ ಯಾತ್ರಿಕರು ನುಡಿದ ಕಾರಣವೊಂದನ್ನೇ ನಾವು ಪ್ರಮಾಣವೆಂದು ಸ್ವೀಕರಿಸಲಾಗದು. ಅವರು ಹಿಂದೆ ಬಿಟ್ಟುಬಂದ ಬಾಳನ್ನೂ ಪರಿಶೀಲಿಸುವುದು ಇತಿಹಾಸಕಾರನ ಕರ್ತವ್ಯ.