ಕ್ಲಚ್ ಬಿಟ್ಟ ಎಡಗಾಲು

ನಮ್ಮಲ್ಲಿ ಕಾರು ಕಲಿಸುವವರು ಮೊದಲ ದಿನವೇ ಹೇಳಿಬಿಡುತ್ತಾರೆ: ಎಡಗಾಲು ಕ್ಲಚ್ಚಿಗೆ, ಬಲಗಾಲು ಬ್ರೇಕಿಗೂ ಆಕ್ಸಿಲರೇಟರಿಗೂ. ಆಟೊಮ್ಯಾಟಿಕ್ ಕಾರು ಬಂದ ಮೇಲಂತೂ ಎಡಗಾಲಿಗೆ ಪೂರ್ತಿ ರಜೆ. ಆದರೆ ರೇಸಿನವರ ಕಾಲು ನೋಡಿ, ಅಲ್ಲಿ ಬ್ರೇಕು ಎಡಗಾಲಿನ ಪಾಲು. ಇದು ಎಲ್ಲಿಂದ ಶುರುವಾಯಿತು ಅಂತ ಕುತೂಹಲ ಹುಟ್ಟಿ ಒಂದಷ್ಟು ದಿನ ಓದಿದೆ. ಹೋಗಿ ಮುಟ್ಟಿದ್ದು ಸ್ವೀಡನ್ನಿನ ಒಂದು ಬಡಪಾಯಿ ಕಾರಿಗೆ.

ಆ ಕಾರಿನ ಹೆಸರು ಸಾಬ್ 96. 1960ರಲ್ಲಿ ಬಂದದ್ದು. ಮೂರು ಸಿಲಿಂಡರು, 841 ಸಿಸಿ, ನಲವತ್ತು ಕುದುರೆಯೂ ಇಲ್ಲದ ಟೂ-ಸ್ಟ್ರೋಕ್ ಎಂಜಿನ್ನು. ನಮ್ಮ ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ದಿ ಬೈಕುಗಳನ್ನು ನೆನಪಿಸಿಕೊಳ್ಳಿ, ಅದೇ ಜಾತಿ. ಪೆಟ್ರೋಲಿಗೆ ಆಯಿಲ್ ಬೆರೆಸಿಯೇ ಹಾಕಬೇಕು, ಎಂಜಿನ್ನಿನ ಒಳಭಾಗಗಳಿಗೆ ಸಿಗುವ ಎಣ್ಣೆ ಅದೊಂದೇ. ಈಗ ಒಂದು ಉದ್ದನೆಯ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಏನಾಗುತ್ತದೆ? ಚಕ್ರಗಳು ಎಂಜಿನ್ನನ್ನು ಜೋರಾಗಿ ತಿರುಗಿಸುತ್ತಲೇ ಇರುತ್ತವೆ, ಆದರೆ ಪೆಟ್ರೋಲು ಬರುವುದಿಲ್ಲ. ಪೆಟ್ರೋಲಿಲ್ಲ ಅಂದರೆ ಎಣ್ಣೆಯೂ ಇಲ್ಲ. ಎಂಜಿನ್ ಸೀಜ್! ಇದನ್ನು ತಪ್ಪಿಸಲು ಸಾಬ್‌ನವರು ಸೈಕಲ್ಲಿನಲ್ಲಿರುವಂಥದೇ ಒಂದು ಫ್ರೀವೀಲ್ ಇಟ್ಟರು. ಆಕ್ಸಿಲರೇಟರ್ ಬಿಟ್ಟೊಡನೆ ಎಂಜಿನ್ನು ಚಕ್ರಗಳಿಂದ ಬೇರೆಯಾಗಿ ತನ್ನ ಪಾಡಿಗೆ ನಿಧಾನವಾಗುತ್ತದೆ, ಕಾರು ಪೆಡಲ್ ತುಳಿಯದ ಸೈಕಲ್ಲಿನ ಹಾಗೆ ಉರುಳುತ್ತದೆ.

ಇದರಿಂದ ಒಂದು ನಷ್ಟ, ಒಂದು ಲಾಭ. ಘಾಟಿಯಲ್ಲಿ ನಾವು ಕೆಳಗಿನ ಗೇರಿಗೆ ಹಾಕಿ ಎಂಜಿನ್ನಿನಿಂದಲೇ ಕಾರನ್ನು ಹಿಡಿದಿಟ್ಟುಕೊಳ್ಳುತ್ತೇವಲ್ಲ, ಆ ಸೌಲಭ್ಯ ಹೋಯಿತು. ಬದಲಿಗೆ, ಆಕ್ಸಿಲರೇಟರ್ ಬಿಟ್ಟ ಕ್ಷಣದಲ್ಲಿ ಕ್ಲಚ್ ಒತ್ತದೆಯೇ ಗೇರು ಬದಲಿಸಬಹುದಾಯಿತು. ಅಂದರೆ 1960ರ ಹೊತ್ತಿಗೇ ಒಂದು ಕಾರಿನಲ್ಲಿ ಎಡಗಾಲು ಅರ್ಧ ನಿರುದ್ಯೋಗಿ :-)

ಈ ಕಾರನ್ನು ಓಡಿಸಿದ ಎರಿಕ್ ಕಾರ್ಲ್ಸನ್ 1960, 61, 62 ಹೀಗೆ ಸತತ ಮೂರು ವರ್ಷ ಬ್ರಿಟನ್ನಿನ ಆರ್‌ಎಸಿ ರ್‍ಯಾಲಿ ಗೆದ್ದರು. 1962 ಮತ್ತು 63ರಲ್ಲಿ ಮಾಂಟೆ ಕಾರ್ಲೊ ರ್‍ಯಾಲಿಯನ್ನೂ ಗೆದ್ದರು. ಕಾರನ್ನು ಆಗಾಗ ತಲೆಕೆಳಗು ಮಾಡುತ್ತಿದ್ದರಿಂದ ಸ್ವೀಡನ್ನಿನ ಜನ ಅವರಿಗೆ 'ಚಾವಣಿ ಮೇಲಿನ ಕಾರ್ಲ್ಸನ್' ಅಂತ ಹೆಸರಿಟ್ಟಿದ್ದರು. ಎಡಗಾಲಿನ ಬ್ರೇಕನ್ನು ಹತ್ಯಾರವಾಗಿ ಬಳಸಿದ ಮೊದಲಿಗರ ಸಾಲಿನಲ್ಲಿ ಅವರ ಹೆಸರು ಬಂದೇ ಬರುತ್ತದೆ.

ಇದು ಹತ್ಯಾರ ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇಡೀ ಕಥೆಯ ಸ್ವಾರಸ್ಯ ಇಲ್ಲೇ ಇರುವುದು. ಸಾಬ್‌ನಲ್ಲಿ ಎಂಜಿನ್ನು ತಿರುಗಿಸುವುದು ಮುಂದಿನ ಚಕ್ರಗಳನ್ನು. ಇಂಥ ಕಾರು ತಿರುವಿನಲ್ಲಿ ಮೊಂಡು ಹಿಡಿಯುತ್ತದೆ, ಸ್ಟೀರಿಂಗ್ ತಿರುಗಿಸಿದರೂ ಮೂತಿ ನೇರಕ್ಕೇ ಹೋಗಬೇಕು ಅನ್ನುತ್ತದೆ. ಈಗ ಬಲಗಾಲಿನಲ್ಲಿ ಆಕ್ಸಿಲರೇಟರ್ ಒತ್ತಿಕೊಂಡೇ ಎಡಗಾಲಿನಲ್ಲಿ ಬ್ರೇಕ್ ಒತ್ತಿ. ಬ್ರೇಕು ನಾಲ್ಕೂ ಚಕ್ರಗಳನ್ನು ಹಿಡಿಯುತ್ತದೆ, ಆದರೆ ಮುಂದಿನ ಎರಡನ್ನು ಎಂಜಿನ್ನು ತಳ್ಳುತ್ತಲೇ ಇರುವುದರಿಂದ ಅವು ಉರುಳುತ್ತಲೇ ಇರುತ್ತವೆ. ಬ್ರೇಕಿನ ಪೆಟ್ಟು ಹೆಚ್ಚು ಬೀಳುವುದು ಹಿಂದಿನ ಚಕ್ರಗಳಿಗೆ. ಜೊತೆಗೆ ಕಾರಿನ ಭಾರವೂ ಮುಂದಕ್ಕೆ ಬಾಗುತ್ತದೆ. ಹಿಂಭಾಗ ಹಗುರಾಗಿ ಹೊರಕ್ಕೆ ಜಾರಿತೋ, ಮೂತಿ ತಾನಾಗಿಯೇ ಒಳಕ್ಕೆ ತಿರುಗುತ್ತದೆ. ಆಕ್ಸಿಲರೇಟರ್ ಬಿಟ್ಟೇ ಇಲ್ಲವಾದ್ದರಿಂದ ಎಂಜಿನ್ನಿನ ವೇಗವೂ ಇಳಿದಿರುವುದಿಲ್ಲ. ವೇಗ ಇಳಿದರೆ ಸತ್ತೇ ಹೋಗುವ ಪುಟ್ಟ ಟೂ-ಸ್ಟ್ರೋಕ್ ಎಂಜಿನ್ನಿಗೆ ಅದೇ ಪ್ರಾಣ. ಹೀಗೆ ನಿಲ್ಲಿಸುವ ಪೆಡಲು ತಿರುಗಿಸುವ ಪೆಡಲಾಯಿತು. ಇಂಥ ಉಪಾಯಗಳು ಹೊಳೆಯುವುದು ಕೈಯಲ್ಲಿ ಕುದುರೆಶಕ್ತಿ ಕಮ್ಮಿ ಇದ್ದವರಿಗೇ ಅಂತ ನನಗೆ ಬಲವಾದ ಅನುಮಾನ.

ಫಿನ್ಲೆಂಡಿನವರು ಇದೇ ವಿದ್ಯೆಯನ್ನು ಮಿನಿ ಕೂಪರಿಗೆ ಒಗ್ಗಿಸಿದರು, ಅದೂ ಮುಂಚಕ್ರದ ಕಾರೇ. ಟಿಮೊ ಮ್ಯಾಕಿನೆನ್ 1965ರಲ್ಲಿ, ರೌನೊ ಆಲ್ಟೊನೆನ್ 1967ರಲ್ಲಿ ಮಿನಿಯಲ್ಲಿ ಮಾಂಟೆ ಕಾರ್ಲೊ ಗೆದ್ದರು.

ಮುಂದಿನದು ನನಗೆ ತುಂಬಾ ಇಷ್ಟವಾದ ಭಾಗ. ಜರ್ಮನಿಯ ವಾಲ್ಟರ್ ರೋರ್ಲ್ 1980 ಮತ್ತು 1982ರ ರ್‍ಯಾಲಿ ವಿಶ್ವ ಚಾಂಪಿಯನ್. 1984ರಲ್ಲಿ ಆಡಿ ತಂಡ ಸೇರಿದರು. ಅಲ್ಲಿನ ಕ್ವಾಟ್ರೊ ಕಾರಿಗೆ ನಾಲ್ಕೂ ಚಕ್ರಗಳಿಗೆ ಶಕ್ತಿ, ಆದರೆ ಐದು ಸಿಲಿಂಡರಿನ ಎಂಜಿನ್ನು ಮುಂದಿನ ಚಕ್ರಗಳಿಗಿಂತಲೂ ಮುಂದೆ ನೇತಾಡುತ್ತಿತ್ತು. ಮತ್ತೆ ಅದೇ ಮೊಂಡುತನ! ಸಾಲದ್ದಕ್ಕೆ ಟರ್ಬೊ. ಆಕ್ಸಿಲರೇಟರ್ ಬಿಟ್ಟರೆ ಟರ್ಬೊ ನಿಧಾನವಾಗುತ್ತದೆ, ಮತ್ತೆ ಒತ್ತಿದಾಗ ಶಕ್ತಿ ಬರುವುದಕ್ಕೆ ಕಾಯಬೇಕು. ಎರಡಕ್ಕೂ ಮದ್ದು ಎಡಗಾಲಿನಲ್ಲಿತ್ತು. ಅದೇ ತಂಡದಲ್ಲಿ ಸ್ಟಿಗ್ ಬ್ಲೊಮ್‌ಕ್ವಿಸ್ಟ್ ಇದ್ದರು. ಸ್ವೀಡನ್ನಿನವರು, ಸಾಬ್ ಓಡಿಸಿಯೇ ಬೆಳೆದವರು, ಅವರಿಗೆ ಇದು ನೀರು ಕುಡಿದಷ್ಟು ಸಲೀಸು. ಎರಡು ಸಲ ಜಗತ್ತನ್ನೇ ಗೆದ್ದಿದ್ದ ರೋರ್ಲ್ ಮೂವತ್ತೇಳನೇ ವಯಸ್ಸಿನ ಹೊತ್ತಿಗೆ ತಮ್ಮ ಎಡಗಾಲಿಗೆ ಹೊಸದಾಗಿ ಅಕ್ಷರಾಭ್ಯಾಸ ಮಾಡಿಸಬೇಕಾಯಿತು. ಆ ವರ್ಷದ ಚಾಂಪಿಯನ್ ಬ್ಲೊಮ್‌ಕ್ವಿಸ್ಟ್. ಆದರೆ ಮುಂದೆ ರೋರ್ಲ್ ಕ್ವಾಟ್ರೊ ಓಡಿಸುವಾಗ ಅವರ ಪಾದಗಳನ್ನೇ ಚಿತ್ರಿಸಿದ ವಿಡಿಯೊ ಯೂಟ್ಯೂಬಿನಲ್ಲಿದೆ, ದಯವಿಟ್ಟು ನೋಡಿ. ಮೃದಂಗದ ಮೇಲೆ ಎರಡು ಕೈ ಆಡಿದ ಹಾಗೆ ಮೂರು ಪೆಡಲುಗಳ ಮೇಲೆ ಎರಡು ಕಾಲು.

ಟ್ರ್ಯಾಕ್ ರೇಸಿಂಗಿನಲ್ಲಿ ಈ ಬದಲಾವಣೆ ತಡವಾಯಿತು. ಪ್ರತಿ ಗೇರಿಗೂ ಕ್ಲಚ್ ಒತ್ತುವ ಕೆಲಸ ಇದ್ದಾಗ ಎಡಗಾಲಿಗೆ ಪುರುಸೊತ್ತೆಲ್ಲಿ? ತಿರುವಿನ ನಡುವೆ ಸಿಕ್ಕ ಬಿಡುವಿನಲ್ಲಿ ಪಕ್ಕದ ಫುಟ್‌ರೆಸ್ಟಿಗೆ ಒದ್ದು ಮೈಯನ್ನು ಸೀಟಿಗೆ ಆನಿಸಿಕೊಳ್ಳುವುದೇ ಅದರ ಇನ್ನೊಂದು ಕೆಲಸ. (ಇದು ಸಣ್ಣದಲ್ಲ, ಆಧಾರವಿಲ್ಲದಿದ್ದರೆ ಸ್ಟೀರಿಂಗಿಗೇ ಜೋತುಬೀಳಬೇಕಾಗುತ್ತದೆ.) 1989ರಲ್ಲಿ ಜಾನ್ ಬರ್ನಾರ್ಡ್ ವಿನ್ಯಾಸದ ಫೆರಾರಿ 640 ಬಂತು. ಸ್ಟೀರಿಂಗಿನ ಹಿಂದಿನ ಪ್ಯಾಡಲ್ ಎಳೆದರೆ ಗೇರು, ಓಡುತ್ತಿರುವಾಗ ಕ್ಲಚ್ ಬೇಡ. ನೈಜೆಲ್ ಮ್ಯಾನ್ಸೆಲ್ ಅದರ ಮೊದಲ ರೇಸನ್ನೇ ಬ್ರೆಜಿಲ್ಲಿನಲ್ಲಿ ಗೆದ್ದರು. ಮಿಕ್ಕ ತಂಡಗಳೂ ಅದೇ ದಾರಿ ಹಿಡಿದವು.

ಲಾಭದ ಲೆಕ್ಕ ಸುಲಭ. ಗಂಟೆಗೆ 180 ಕಿ.ಮೀ. ಅಂದರೆ ಸೆಕೆಂಡಿಗೆ 50 ಮೀಟರು. ಬಲಗಾಲು ಆಕ್ಸಿಲರೇಟರಿನಿಂದ ಬ್ರೇಕಿಗೆ ಜಿಗಿಯಲು 0.2 ಸೆಕೆಂಡು ಬೇಕು ಅಂತಿಟ್ಟುಕೊಂಡರೆ ಹತ್ತು ಮೀಟರು ಖಾಲಿ ಹೋಯಿತು, ಪ್ರತಿ ತಿರುವಿಗೂ. ಆದರೂ ರೂಬೆನ್ಸ್ ಬ್ಯಾರಿಕೆಲ್ಲೊ ಅಂಥವರು ಬಹುಕಾಲ ಬಲಗಾಲನ್ನೇ ನೆಚ್ಚಿಕೊಂಡಿದ್ದರು. ಅರ್ಥವಾಗುವಂಥದ್ದೇ. ಚೆನ್ನಾಗಿ ಓಡುತ್ತಿರುವ ಹಳೇ ಕೋಡನ್ನು ಮುಟ್ಟಲು ನಮ್ಮ ಆಫೀಸಿನಲ್ಲೂ ಯಾರಿಗೂ ಧೈರ್ಯ ಬರುವುದಿಲ್ಲ, ಅದರ ವೇಗ ಸಾಲದು ಅಂತ ಎಲ್ಲರಿಗೂ ಗೊತ್ತಿದ್ದರೂ.

ಒಂದು ಎಚ್ಚರಿಕೆ: ನಾಳೆ ಬೆಳಿಗ್ಗೆ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಇದನ್ನು ಪ್ರಯೋಗಿಸಬೇಡಿ! ನಮ್ಮ ಎಡಗಾಲಿಗೆ ಗೊತ್ತಿರುವುದು ಕ್ಲಚ್ಚನ್ನು ತಳದ ತನಕ ತುಳಿಯುವುದೊಂದೇ. ಅದೇ ಧಾಟಿಯಲ್ಲಿ ಬ್ರೇಕ್ ತುಳಿದರೆ ಹಿಂದಿನವರು ಬಂದು ಗುದ್ದುತ್ತಾರೆ. ಮೇಲಾಗಿ ಈಗಿನ ಹಲವು ಕಾರುಗಳಲ್ಲಿ ಎರಡೂ ಪೆಡಲನ್ನು ಒಟ್ಟಿಗೆ ಒತ್ತಿದರೆ ಕಂಪ್ಯೂಟರು ಎಂಜಿನ್ನಿನ ಶಕ್ತಿಯನ್ನೇ ಇಳಿಸಿಬಿಡುತ್ತದೆ, ಕಾರ್ಲ್ಸನ್ ವಿದ್ಯೆ ಅಲ್ಲಿ ನಡೆಯುವುದೇ ಇಲ್ಲ. ಎಡಗಾಲಿನ ರುಚಿ ನೋಡಬೇಕಿದ್ದರೆ ಗೋ-ಕಾರ್ಟ್ ವಾಸಿ. ಅದರಲ್ಲಿರುವುದೇ ಎರಡು ಪೆಡಲು, ಎಡಕ್ಕೆ ಬ್ರೇಕು, ಬಲಕ್ಕೆ ಆಕ್ಸಿಲರೇಟರು. ಅಲ್ಲಿ ಬಂದು ಕಲಿಯುವ ಎಂಟು-ಹತ್ತು ವರ್ಷದ ಮಕ್ಕಳಿಗೆ ಈ ಯಾವ ತೊಡಕೂ ಇಲ್ಲ, ಕ್ಲಚ್ ಅಂದರೇನು ಅಂತಲೇ ಅವರಿನ್ನೂ ಕೇಳಿಲ್ಲ.