ಮರುಬಳಕೆ ಜಲ್ಲಿಯ ಕಾಂಕ್ರೀಟ್

ಮರುಬಳಕೆ ಜಲ್ಲಿಯ ಕಾಂಕ್ರೀಟ್ ಎಂದರೆ, ಕೆಡವಿದ ಕಟ್ಟಡಗಳ ಅವಶೇಷವನ್ನು ಒಡೆದು ಜರಡಿ ಹಿಡಿದು ಪಡೆದ ಜಲ್ಲಿಯನ್ನು, ಕಲ್ಲುಗಣಿಯ ಜಲ್ಲಿಗೆ ಬದಲಾಗಿ ಭಾಗಶಃ ಅಥವಾ ಪೂರ್ಣವಾಗಿ ಬಳಸಿ ತಯಾರಿಸಿದ ಕಾಂಕ್ರೀಟ್. ಭಾರತದಲ್ಲಿ ಅಡಿಪಾಯ, ಕಂಬ, ತೊಲೆ, ಚಾವಣಿ ಮೊದಲಾದ ಭಾರ ಹೊರುವ ಭಾಗಗಳಲ್ಲಿ ಇದನ್ನು ಬಳಸಲು 2016ರಲ್ಲಿ ಪರಿಷ್ಕೃತವಾದ ಐಎಸ್ 383 ಮಾನಕವು ಮೊದಲ ಬಾರಿಗೆ ಅವಕಾಶ ನೀಡಿತು. ಹಳೆಯ ಕಟ್ಟಡಗಳು ಉರುಳಿ ಹೊಸವು ಏಳುತ್ತಿರುವ ಬೆಂಗಳೂರಿನ ದಂಡು ಪ್ರದೇಶ ಹಾಗೂ ಪೂರ್ವಭಾಗದ ಬಡಾವಣೆಗಳಲ್ಲಿ ಈ ವಿಷಯ ವಿಶೇಷವಾಗಿ ಪ್ರಸ್ತುತವಾಗಿದೆ.

ವಿಧಗಳು ಮತ್ತು ಮಿತಿಗಳು

ಐಎಸ್ 383:2016 ಎರಡು ಬಗೆಯ ಜಲ್ಲಿಯನ್ನು ಪ್ರತ್ಯೇಕಿಸುತ್ತದೆ. ಹಳೆಯ ಕಾಂಕ್ರೀಟನ್ನಷ್ಟೇ ಒಡೆದು ಪಡೆದದ್ದು ಮರುಬಳಕೆ ಕಾಂಕ್ರೀಟ್ ಜಲ್ಲಿ. ಇಟ್ಟಿಗೆ, ಗಾರೆ, ಹೆಂಚು, ಕಲ್ಲು ಬೆರೆತ ಅವಶೇಷದಿಂದ ಬಂದದ್ದು ಸಾಮಾನ್ಯ ಮರುಬಳಕೆ ಜಲ್ಲಿ. ದಪ್ಪ ಜಲ್ಲಿಯ ಪೈಕಿ ಮೊದಲನೆಯದನ್ನು ಕಂಬಿಯಿಲ್ಲದ ಕಾಂಕ್ರೀಟಿನಲ್ಲಿ ಶೇ. 25ರವರೆಗೆ, ಕಂಬಿ ಹಾಕಿದ ಕಾಂಕ್ರೀಟಿನಲ್ಲಿ ಎಂ25 ದರ್ಜೆಯವರೆಗೆ ಮಾತ್ರ ಶೇ. 20ರಷ್ಟು ಬಳಸಬಹುದು. ಎರಡನೆಯದಕ್ಕೆ ಇವೆರಡರಲ್ಲೂ ಪ್ರವೇಶವಿಲ್ಲ. ಎಂ15ಕ್ಕಿಂತ ಕಡಿಮೆ ದರ್ಜೆಯ ತೆಳು ಕಾಂಕ್ರೀಟಿನಲ್ಲಿ ಮಾತ್ರ ಅದನ್ನು ಶೇ. 100ರವರೆಗೂ ಹಾಕಬಹುದು.

ಎಂ25ರ ಮಿತಿ ಮೇಲ್ನೋಟಕ್ಕೆ ಕಾಣುವುದಕ್ಕಿಂತ ಬಿಗಿಯಾದುದು. ಐಎಸ್ 456:2000ರ ಪ್ರಕಾರ ಸೌಮ್ಯ ಪರಿಸರದಲ್ಲಿ ಎಂ20, ಮಧ್ಯಮ ಪರಿಸರದಲ್ಲಿ ಎಂ25, ತೀವ್ರ ಪರಿಸರದಲ್ಲಿ ಎಂ30 ಕನಿಷ್ಠ ದರ್ಜೆಗಳು. ಹೀಗಾಗಿ ಒಳನಾಡಿನ ಸಾಧಾರಣ ಮನೆಗೆ ಈ ಜಲ್ಲಿ ಒದಗುತ್ತದೆಯೇ ಹೊರತು ಹೆಚ್ಚಿನ ದರ್ಜೆಯ ಕಾಂಕ್ರೀಟ್ ಬೇಡುವ ಎತ್ತರದ ವಸತಿ ಸಮುಚ್ಚಯಗಳ ಕಂಬಗಳಿಗೆ ಒದಗುವುದಿಲ್ಲ. ಹಲಸೂರು, ಇಂದಿರಾನಗರಗಳ ಮೇಲೆ ಹಾದುಹೋಗುವ ನಮ್ಮ ಮೆಟ್ರೊ ಮಾರ್ಗದ ಪ್ರಿಸ್ಟ್ರೆಸ್ಡ್ ಗರ್ಡರುಗಳಂತಹ ರಚನೆಗಳಂತೂ ಈ ಮಿತಿಯಿಂದ ಬಹುದೂರ.

ಗುಣಲಕ್ಷಣಗಳು

ಒಡೆದ ಜಲ್ಲಿಯ ಮೈಗೆ ಅಂಟಿಕೊಂಡಿರುವ ಹಳೆಯ ಸಿಮೆಂಟ್ ಗಾರೆಯೇ ಇದರ ಬಹುಪಾಲು ತೊಡಕುಗಳಿಗೆ ಮೂಲ. ಈ ಗಾರೆ ರಂಧ್ರಮಯವಾಗಿರುವುದರಿಂದ ಜಲ್ಲಿಯ ಸಾಂದ್ರತೆ ತಗ್ಗುತ್ತದೆ, ನೀರು ಹೀರುವಿಕೆ ಹೆಚ್ಚುತ್ತದೆ. ಬೆಂಗಳೂರಿನ ಸುತ್ತಲಿನ ಗ್ರಾನೈಟ್ ಜಲ್ಲಿ ಸಾಮಾನ್ಯವಾಗಿ ತೂಕದ ಶೇ. 1ರ ಆಸುಪಾಸಿನಷ್ಟು ನೀರು ಹೀರಿದರೆ, ಮರುಬಳಕೆಯ ಜಲ್ಲಿ ಅದರ ಹಲವು ಪಟ್ಟು ಹೀರುತ್ತದೆ. ಒಣ ಜಲ್ಲಿಯನ್ನು ನೇರವಾಗಿ ಮಿಕ್ಸರಿಗೆ ಸುರಿದರೆ ಅದು ಸಿಮೆಂಟಿಗೆಂದು ಹಾಕಿದ ನೀರನ್ನು ಕುಡಿಯುತ್ತದೆ. ಕಾಂಕ್ರೀಟ್ ಬೇಗ ಗಟ್ಟಿಯಾದಂತೆ ಕಂಡು, ಕೆಲಸದವರು ಮತ್ತೆ ನೀರು ಬೆರೆಸುತ್ತಾರೆ, ಬಲ ಕುಸಿಯುತ್ತದೆ. ಆದುದರಿಂದ ಜಲ್ಲಿಯನ್ನು ಮೊದಲೇ ನೆನೆಸುವುದು ಅಗತ್ಯ. ಹೀರುವಿಕೆಯ ಸಾಮಾನ್ಯ ಮಿತಿ ಶೇ. 5 ಆಗಿದ್ದು, ಮುಂಚಿತವಾಗಿ ನೆನೆಸಿದ ಪಕ್ಷದಲ್ಲಿ ಶೇ. 10ರವರೆಗೆ ಮಾನಕವು ಒಪ್ಪುತ್ತದೆ.

ಜಲ್ಲಿಯ ಪ್ರಮಾಣ ಕಡಿಮೆಯಿದ್ದಾಗ ಒತ್ತಡ ತಾಳುವ ಬಲದಲ್ಲಿ ಗಮನಾರ್ಹ ವ್ಯತ್ಯಾಸ ಕಾಣದು. ಪ್ರಮಾಣ ಏರಿದಂತೆ ಒಣಗುವಾಗಿನ ಸಂಕೋಚನ ಹೆಚ್ಚಿ, ಸ್ಥಿತಿಸ್ಥಾಪಕತ್ವದ ಗುಣಾಂಕ ಇಳಿಯುತ್ತದೆ. ತೊಲೆ, ಚಾವಣಿಗಳ ಬಾಗು ಮತ್ತು ಬಿರುಕು ಲೆಕ್ಕಕ್ಕೆ ಬರುವುದು ಇಲ್ಲಿಯೇ. ಜಿಪ್ಸಮ್ ಪ್ಲಾಸ್ಟರಿನಿಂದ ಬರುವ ಸಲ್ಫೇಟ್ ಮತ್ತೊಂದು ಅಪಾಯ.

ಬೆಂಗಳೂರಿನ ಪೂರ್ವಭಾಗ

1809ರಲ್ಲಿ ಸ್ಥಾಪನೆಯಾದ ದಂಡು ಪ್ರದೇಶದ ಹಳೆಯ ಕಟ್ಟಡಗಳು ಬಹುಮಟ್ಟಿಗೆ ಇಟ್ಟಿಗೆ, ಸುಣ್ಣದ ಗಾರೆ, ಕಲ್ಲು ಮತ್ತು ಮರದ ತೊಲೆಗಳಿಂದ ಕೂಡಿದವು. ಶಿವಾಜಿನಗರ, ಹಲಸೂರುಗಳಲ್ಲಿ ಇಂತಹ ಕಟ್ಟಡ ಉರುಳಿದಾಗ ಸಿಗುವ ಜಲ್ಲಿ ಎರಡನೆಯ ಬಗೆಯದು. ಎಷ್ಟೇ ಚೊಕ್ಕಟವಾಗಿ ಸಂಸ್ಕರಿಸಿದರೂ ಕಂಬಕ್ಕೆ ಸಲ್ಲದು. ಇಂದಿರಾನಗರದಲ್ಲಾಗಲಿ ಕೆ.ಆರ್. ಪುರದಲ್ಲಾಗಲಿ ನಂತರದ ದಶಕಗಳ ಕಾಂಕ್ರೀಟ್ ಚೌಕಟ್ಟಿನ ಕಟ್ಟಡಗಳು ಕೆಡವಲ್ಪಟ್ಟಾಗ ಮೊದಲ ಬಗೆಯ ಜಲ್ಲಿ ದೊರೆಯಬಲ್ಲದು. ಆದರೆ ಗೋಡೆಯ ಇಟ್ಟಿಗೆಯೂ ಚಾವಣಿಯ ಕಾಂಕ್ರೀಟೂ ಒಂದೇ ಲಾರಿಗೆ ಬಿದ್ದ ಕ್ಷಣದಲ್ಲಿ ಅದೂ ಎರಡನೆಯ ಬಗೆಯಾಗುತ್ತದೆ. ಜಲ್ಲಿಯ ದರ್ಜೆ ನಿರ್ಧಾರವಾಗುವುದು ಕ್ರಷರಿನಲ್ಲಲ್ಲ, ಕೆಡವುವ ಸ್ಥಳದಲ್ಲಿ.

ಮರುನಿರ್ಮಾಣದ ಜಾಗದಲ್ಲಿ ದೊರೆತ ಜಲ್ಲಿಯನ್ನು ಅಲ್ಲಿಯೇ ಬಳಸುವುದು ಉತ್ತಮವೆಂದು ಮಾನಕ ಸೂಚಿಸುತ್ತದೆ. ಮೂವತ್ತು–ನಲವತ್ತು ಅಡಿಯ ನಿವೇಶನದಲ್ಲಿ ಕ್ರಷರ್ ನಿಲ್ಲಿಸಲು ಸ್ಥಳವಿಲ್ಲ. ಸಂಸ್ಕರಣಾ ಘಟಕವಿರುವ ಚಿಕ್ಕಜಾಲವು ಶಿವಾಜಿನಗರದಿಂದ 20 ಕಿ.ಮೀ.ಗೂ ದೂರದಲ್ಲಿದೆ. ಸಾಗಣೆಯ ವೆಚ್ಚ ಉಳಿಸಲು ಅವಶೇಷವನ್ನು ಕೆರೆಯಂಗಳ, ರಾಜಕಾಲುವೆಯ ದಂಡೆ ಹಾಗೂ ಖಾಲಿ ನಿವೇಶನಗಳಲ್ಲಿ ಸುರಿಯುವುದು ನಗರದ ಹಳೆಯ ಪಿಡುಗು.

ಇತರೆಡೆ ಬಳಕೆ

ಎರಡನೆಯ ಮಹಾಯುದ್ಧದ ನಂತರ ಜರ್ಮನಿ ಮತ್ತು ಬ್ರಿಟನ್‌ಗಳಲ್ಲಿ ಕಟ್ಟಡಗಳ ಅವಶೇಷವನ್ನು ಹೊಸ ನಿರ್ಮಾಣಕ್ಕೆ ಬಳಸಲಾಯಿತು. 1990ರ ದಶಕದ ಮಧ್ಯದಲ್ಲಿ ಇಂಗ್ಲೆಂಡಿನ ವಾಟ್‌ಫರ್ಡ್ ಬಳಿ ಬಿಲ್ಡಿಂಗ್ ರಿಸರ್ಚ್ ಎಸ್ಟಾಬ್ಲಿಷ್‌ಮೆಂಟ್ ನಿರ್ಮಿಸಿದ ಕಚೇರಿಯ ಅಡಿಪಾಯ ಮತ್ತು ಮಹಡಿಗಳಿಗೆ, ಮಧ್ಯ ಲಂಡನ್ನಿನಲ್ಲಿ ಕೆಡವಿದ ಬಹುಮಹಡಿ ಕಟ್ಟಡವೊಂದರ ಕಾಂಕ್ರೀಟ್ ಜಲ್ಲಿಯಾಯಿತು. ಭಾರತದಲ್ಲಿ ದೆಹಲಿಯ ಬುರಾಡಿಯ ಘಟಕ ಇಂತಹ ಸಂಸ್ಕರಣೆಯಲ್ಲಿ ಮೊದಲಿನದು.

ನಿಯಮಗಳು

ನಿರ್ಮಾಣ ಮತ್ತು ಕೆಡಹುವಿಕೆ ತ್ಯಾಜ್ಯ ನಿರ್ವಹಣಾ ನಿಯಮಗಳು, 2016, ದಿನಕ್ಕೆ 20 ಟನ್ ಅಥವಾ ಒಂದು ಯೋಜನೆಯಲ್ಲಿ ತಿಂಗಳಿಗೆ 300 ಟನ್‌ಗೂ ಹೆಚ್ಚು ತ್ಯಾಜ್ಯ ಉತ್ಪಾದಿಸುವವರು ಕಾಂಕ್ರೀಟ್, ಮಣ್ಣು, ಇಟ್ಟಿಗೆ–ಗಾರೆ, ಮತ್ತು ಉಕ್ಕು–ಮರ–ಪ್ಲಾಸ್ಟಿಕ್ ಎಂದು ವಿಂಗಡಿಸಬೇಕೆಂದು ವಿಧಿಸಿದವು. ಸರ್ಕಾರಿ ಗುತ್ತಿಗೆಗಳಲ್ಲಿ ಶೇ. 10ರಿಂದ 20ರಷ್ಟು ಮರುಬಳಕೆ ಸಾಮಗ್ರಿಯನ್ನು ಕೊಳ್ಳುವ ಆಶಯವೂ ಅವುಗಳಲ್ಲಿತ್ತು. 2025ರಲ್ಲಿ ಪ್ರಕಟವಾಗಿ, 2026ರ ಏಪ್ರಿಲ್ 1ರಿಂದ ಜಾರಿಗೆ ಗೊತ್ತುಪಡಿಸಿದ ಹೊಸ ನಿಯಮಗಳು ಉತ್ಪಾದಕರ ವಿಸ್ತೃತ ಹೊಣೆಗಾರಿಕೆಯನ್ನು 20,000 ಚದರ ಮೀಟರ್ ಮತ್ತು ಅದಕ್ಕೂ ಮೇಲ್ಪಟ್ಟ ನಿರ್ಮಾಣ ವಿಸ್ತೀರ್ಣದ ಯೋಜನೆಗಳಿಗೆ ಅನ್ವಯಿಸುತ್ತವೆ. ದಂಡು ಪ್ರದೇಶದ ಓಣಿಗಳಲ್ಲಿ ಒಂದೊಂದಾಗಿ ಉರುಳುವ ಮನೆಗಳು ಈ ಗಾತ್ರವನ್ನು ಮುಟ್ಟುವುದಿಲ್ಲ.