ಸಿಲ್ಕಿ ಕೋಳಿಯ ವಂಶಚರಿತ್ರೆಯೂ ಎಡೆದೊರೆ ನಾಡಿನ ಜವಾರಿ ಕೋಳಿಯೂ

ಅರಸುಮನೆತನಗಳ ಚರಿತ್ರೆಗೆ ಶಾಸನಗಳುಂಟು. ಸಾಕುಪ್ರಾಣಿಗಳ ಚರಿತ್ರೆಗೆ ಅನೇಕ ವೇಳೆ ಅವುಗಳ ದೇಹವೇ ಶಾಸನವಾಗಿರುತ್ತದೆ. ಸಿಲ್ಕಿ ಕೋಳಿ ಇದಕ್ಕೆ ಉತ್ತಮ ನಿದರ್ಶನ.

13ನೆಯ ಶತಮಾನದ ಕೊನೆಯಲ್ಲಿ ಚೀನಾದಲ್ಲಿ ಸಂಚರಿಸಿದ ಮಾರ್ಕೊ ಪೋಲೊ, ಬೆಕ್ಕಿನಂತೆ ರೋಮವುಳ್ಳ ಕಪ್ಪು ಕೋಳಿಗಳನ್ನು ಉಲ್ಲೇಖಿಸಿರುವನು. ಅವು ಸಿಲ್ಕಿಯ ಪೂರ್ವಜರೆಂದು ಸಾಮಾನ್ಯವಾಗಿ ಭಾವಿಸಲಾಗಿದೆ. ಗರಿಯ ಎಳೆಗಳನ್ನು ಒಂದಕ್ಕೊಂದು ಹಿಡಿದಿಡುವ ಸೂಕ್ಷ್ಮ ಕೊಕ್ಕೆಗಳು ಇಲ್ಲದಿರುವುದರಿಂದ ಇದರ ಪುಕ್ಕ ರೇಷ್ಮೆಯಂತೆ ತೋರುತ್ತದೆ. ಅಂತಹ ಪುಕ್ಕ ಹಾರಾಟಕ್ಕೆ ಒದಗದು, ಮಳೆಯನ್ನೂ ತಡೆಯದು. ಈ ಗುಣವು ತಂದೆತಾಯಿಗಳಿಬ್ಬರಿಂದಲೂ ಬಂದಲ್ಲದೆ ಪ್ರಕಟವಾಗುವುದಿಲ್ಲ. ಬೇರೆ ತಳಿಯ ಹುಂಜದೊಡನೆ ಕೂಡಿಸಿದರೆ ಮೊದಲ ಪೀಳಿಗೆಯಲ್ಲಿ ಸಾಮಾನ್ಯ ಗರಿಯೇ ಮೂಡುತ್ತದೆ. ಆದುದರಿಂದ ಈ ತಳಿ ಶತಮಾನಗಳ ಕಾಲ ಉಳಿದುದು ಆಕಸ್ಮಿಕವಲ್ಲ. ಹುಂಜ-ಹೇಂಟೆಗಳನ್ನು ಆರಿಸಿ ಜೋಡಿಸಿದ ಅಜ್ಞಾತ ಸಾಕಣೆಗಾರರ ಕೃತಿಯದು.

ಕಪ್ಪು ಚರ್ಮ ಮತ್ತು ಕಪ್ಪು ಎಲುಬು ಮತ್ತೊಂದು ಸಾಕ್ಷ್ಯ. ಸಿಲ್ಕಿಯಲ್ಲಿಯೂ ಇಂಡೋನೇಷ್ಯಾದ ಅಯಾಮ್ ಚೆಮಾನಿಯಲ್ಲಿಯೂ ಇದಕ್ಕೆ ಒಂದೇ ಆನುವಂಶಿಕ ಮಾರ್ಪಾಟು ಕಾರಣವೆಂದು 2011ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಮಧ್ಯಪ್ರದೇಶದ ಝಾಬುವಾ ಪ್ರದೇಶದ ಕಡಕ್‌ನಾಥ್ ತಳಿಯಲ್ಲಿಯೂ ಅದೇ ಅನಂತರ ಕಂಡುಬಂದಿತು. ಕೋಳಿ ದೂರ ಹಾರುವ ಹಕ್ಕಿಯಲ್ಲ; ಅದು ದೇಶಾಂತರ ಹೋದುದು ಮನುಷ್ಯರ ಜೊತೆಯಲ್ಲಿಯೇ ಎಂಬುದು ಸ್ಪಷ್ಟ.

ಈ ದೃಷ್ಟಿಯಿಂದ ಕೃಷ್ಣಾ-ತುಂಗಭದ್ರೆಗಳ ನಡುವಣ ಎಡೆದೊರೆ ನಾಡನ್ನು ನೋಡಬಹುದು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ (1127–1138) ‘ಮಾನಸೋಲ್ಲಾಸ’ವು ಕೋಳಿಯ ಕಾಳಗವನ್ನು ರಾಜವಿನೋದಗಳಲ್ಲಿ ಒಂದಾಗಿ ವರ್ಣಿಸುತ್ತದೆ. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಒಂದು ಸಣ್ಣ ನಾಣ್ಯಕ್ಕೆ ನಗರದೊಳಗೆ 3, ಹೊರಗೆ 4 ಕೋಳಿಗಳು ದೊರೆಯುತ್ತಿದ್ದುವೆಂದು ತಿಳಿಸುತ್ತಾನೆ. ಒಂದರಲ್ಲಿ ಅರಸನ ವಿನೋದವಿದೆ, ಇನ್ನೊಂದರಲ್ಲಿ ಪೇಟೆಯ ಬೆಲೆಯಿದೆ. ಕೋಳಿಯನ್ನು ಸಾಕಿದವರ ಮಾತು ಎರಡರಲ್ಲಿಯೂ ಇಲ್ಲ.

ದೇವದುರ್ಗ ತಾಲ್ಲೂಕಿನ ಗೂಗಲ್ಲಿನಂತಹ ಕೃಷ್ಣಾತೀರದ ಗ್ರಾಮಗಳಿಗೆ ಈ ಕೊರತೆ ಇಂದಿಗೂ ಅನ್ವಯಿಸುತ್ತದೆ. ಯಾವ ಹೇಂಟೆ 21 ದಿನ ಬಿಡದೆ ಕಾವು ಕೊಟ್ಟೀತು, ಯಾವುದರ ಮರಿಗಳು ಬೇಸಗೆಯನ್ನು ತಾಳಿಯಾವು ಎಂಬ ತಿಳಿವಳಿಕೆ ಹಳ್ಳಿಗಳಲ್ಲಿ ಮನೆಯ ಹೆಂಗಸರ ಬಾಯಲ್ಲಿದೆ, ಗ್ರಂಥದಲ್ಲಿಲ್ಲ. ಸಿಲ್ಕಿಯಲ್ಲಿ ಕಾವಿಗೆ ಕೂರುವ ಸ್ವಭಾವ ಬಲವಾಗಿಯೇ ಉಳಿದಿದೆ. ಮೊಟ್ಟೆಗೆಂದೇ ರೂಪಿಸಿದ ಫಾರಂ ತಳಿಗಳಲ್ಲಿ ಬಹುಮಟ್ಟಿಗೆ ಅಳಿದಿದೆ. ಸಿಲ್ಕಿಗೆ ಪ್ರದರ್ಶನಗಳೂ ಹವ್ಯಾಸಿಗಳೂ ಉಂಟು. ಜವಾರಿ ಕೋಳಿಗೆ ಅಂತಹ ಕಾವಲಿಲ್ಲ. ಅದು ಇತರ ತಳಿಗಳೊಡನೆ ಬೆರೆತು ಕರಗಿದರೆ, ಪ್ರತಿಯಿಲ್ಲದ ಶಾಸನವೊಂದು ಅಳಿದಂತೆಯೇ ಸರಿ. ಅದಕ್ಕೆ ಮೊದಲೇ ಆ ಹೆಂಗಸರ ಮಾತನ್ನು ಬರೆದಿರಿಸುವುದು ಚರಿತ್ರಕಾರನ ಕರ್ತವ್ಯವಾಗಿದೆ.